ಪಟ್ಟಿ ಸಾಹೇಬರ ಹೊಟ್ಟೆಕಿಚ್ಚು

ಅವರು ಸೈನ್ಯದಲ್ಲಿ ಇಪ್ಪತ್ತನಾಲ್ಕು ವರ್ಷ ಇದ್ದವರು, ಆದರೆ ಒಂದು ಗುಂಡನ್ನೂ ಹಾರಿಸಿದವರಲ್ಲ. ಬಟ್ಟೆ ಉಗ್ರಾಣದಲ್ಲಿ ಗುಮಾಸ್ತರಾಗಿದ್ದರು. ಬೂಟು, ಸಾಕ್ಸು, ಬೆಲ್ಟು, ಕಂಬಳಿಗಳನ್ನು ಎಣಿಸಿ ಕೊಡುವುದು, ಬರೆದುಕೊಳ್ಳುವುದು, ವಾಪಸ್ ಬಂದರೆ ಮತ್ತೆ ಎಣಿಸಿ ಬರೆದುಕೊಳ್ಳುವುದು, ಇಷ್ಟೇ ಕೆಲಸ. ಅವರು ನಿವೃತ್ತರಾಗಿ ಊರಿಗೆ ಬಂದ ಎರಡನೇ ವರ್ಷ, ಊರಿನ ಮಾಜಿ ಸೈನಿಕರು ಸೇರಿ ಬಸ್ ನಿಲ್ದಾಣದ ಹಿಂದಿನ ಹಳೆಯ ಕುದುರೆ ಲಾಯವನ್ನು ರಿಪೇರಿ ಮಾಡಿಸಿ ಅಲ್ಲಿ ಸಣ್ಣದೊಂದು ಸೈನಿಕ ಮ್ಯೂಸಿಯಂ ತೆರೆದರು. ಅದರ ಅಧ್ಯಕ್ಷರು ಸೈನ್ಯದ ಆಸ್ಪತ್ರೆಯಲ್ಲಿದ್ದ ಒಬ್ಬ ಡಾಕ್ಟರು. ಅವರು ಇವರನ್ನು ಕರೆಸಿ, "ಸಾಮಾನು ನೋಡ್ಕೊಳ್ಳೋಕೆ ನಿಮ್ಮಂಥವರೇ ಬೇಕು. ಹಾಗೇ ಸ್ವಯಂಸೇವಕರನ್ನೂ ನೀವೇ ನೋಡ್ಕೊಂಡ್ಬಿಡಿ" ಎಂದರು.

ಅಂದಿನಿಂದ ಒಂಬತ್ತು ವರ್ಷ ಆ ಮೂರು ಕೋಣೆಗಳು ಅವರ ಕೈಯಲ್ಲೇ ಇದ್ದವು. ಯಾರು ಯಾವ ದಿನ ಬರಬೇಕು, ಯಾರು ಕಸ ಗುಡಿಸಬೇಕು, ಯಾವ ಕಿಟಕಿಯನ್ನು ಎಷ್ಟು ಗಂಟೆಗೆ ತೆರೆಯಬೇಕು ಎಂಬುದಕ್ಕೆಲ್ಲ ಒಂದೊಂದು ಪಟ್ಟಿ. ಯಾವ ಪಟ್ಟಿ ಎಲ್ಲಿದೆ ಎಂದು ತಿಳಿಸುವುದಕ್ಕೆ ಬಾಗಿಲ ಹಿಂದೆ ಇನ್ನೊಂದು ಪಟ್ಟಿ. ಹಾಗಾಗಿ ಎಲ್ಲರ ಬಾಯಲ್ಲಿ ಅವರು ಪಟ್ಟಿ ಸಾಹೇಬರಾದರು. ಅವರಿಗೂ ಅದು ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

ಸ್ವಯಂಸೇವಕರು ಏಳು ಜನ. ಹಳೆಯ ಸಮವಸ್ತ್ರಗಳಿಗೆ ಹೊಲಿಗೆ ಹಾಕುವ ಟೈಲರಮ್ಮ, ನಿವೃತ್ತ ನರ್ಸ್ ಒಬ್ಬರು, ಒಬ್ಬ ಎಲೆಕ್ಟ್ರಿಷಿಯನ್, ಜಗಳವಾಡುತ್ತಲೇ ಗಾಜು ಒರೆಸುವ ಅಕ್ಕತಂಗಿಯರಿಬ್ಬರು, ಆಗಾಗ ಬಂದು ಹೋಗುವ ಇನ್ನಿಬ್ಬರು. ಜನರನ್ನು ಕರೆತರುವ ಕೆಲಸ ಮಾತ್ರ ಸಾಹೇಬರೇ ಇಟ್ಟುಕೊಂಡಿದ್ದರು. ಕರಪತ್ರ ಅವರದೇ ರಚನೆ. ಮ್ಯೂಸಿಯಮ್ಮಿನಲ್ಲಿದ್ದ ನೂರ ನಲವತ್ತೇಳು ವಸ್ತುಗಳ ಹೆಸರನ್ನೂ ಅದರಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದರು. ಅದನ್ನು ಗ್ರಂಥಾಲಯದಲ್ಲಿ, ಕ್ಷೌರದಂಗಡಿಯಲ್ಲಿ, ಬಸ್ ನಿಲ್ದಾಣದ ಕಂಬಗಳ ಮೇಲೆ ತಾವೇ ಅಂಟಿಸಿ ಬಂದರು. ಹತ್ತೊಂಬತ್ತು ಶಾಲೆಗಳಿಗೆ ಪತ್ರ ಬರೆದರು. ಒಂದು ಶಾಲೆಯಿಂದ ಉತ್ತರ ಬಂತು. ವಿಳಾಸ ತಪ್ಪಾಗಿದೆ ಎಂದು.

ಚೆನ್ನಾಗಿ ನಡೆದ ದಿನ ನಾಲ್ಕು ಜನ ಬರುತ್ತಿದ್ದರು. ಅದರಲ್ಲಿ ಇಬ್ಬರು ಬಿಸಿಲು ತಾಳದೆ ನೆರಳಿಗೆ ಬಂದವರು. ಸಾಹೇಬರ ಹೆಂಡತಿಯಂತೂ ಒಂಬತ್ತು ವರ್ಷದಲ್ಲಿ ಉದ್ಘಾಟನೆಯ ದಿನ ಬಿಟ್ಟರೆ ಒಳಗೆ ಕಾಲಿಟ್ಟಿರಲಿಲ್ಲ. "ಮನೇಲೇ ಮ್ಯೂಸಿಯಂ ಇರುವಾಗ ಅಲ್ಲಿಗೆ ಯಾಕೆ ಬರ್ಲಿ?" ಎನ್ನುತ್ತಿದ್ದರು.

ಆಮೇಲೆ ಬಂದವನು ಕಂಡಕ್ಟರ್.

ಬಸ್ಸಿನಲ್ಲಿ ಮೂವತ್ತು ವರ್ಷ ಶಿಳ್ಳೆ ಹಾಕಿ ಆಗಷ್ಟೇ ನಿವೃತ್ತನಾಗಿದ್ದ. ದಪ್ಪ ಮೀಸೆ, ಅದಕ್ಕಿಂತ ದಪ್ಪ ದನಿ. "ಮನೇಲಿ ಕೂತ್ರೆ ಕಾಲು ನೋಯುತ್ತೆ ಸಾಹೇಬ್ರೆ, ನಿಂತ್ಕೊಳ್ಳೋ ಕೆಲಸ ಏನಾದ್ರೂ ಇದ್ರೆ ಕೊಡಿ" ಎಂದು ಕೇಳಿಕೊಂಡು ಬಂದ. ಸಾಹೇಬರು ಅರ್ಜಿ ತುಂಬಿಸಿಕೊಂಡು, ಮಂಗಳವಾರ ಮತ್ತು ಶುಕ್ರವಾರ ಬಾಗಿಲಲ್ಲಿ ನಿಲ್ಲುವ ಕೆಲಸ ಕೊಟ್ಟರು.

ಮೊದಲ ಮಂಗಳವಾರವೇ ಬಸ್ಸಿಗೆ ಕಾಯುತ್ತಿದ್ದ ಒಂದು ಕುಟುಂಬವನ್ನು ಕಾಂಪೌಂಡಿನಾಚೆಯಿಂದಲೇ ಕೂಗಿ ಕರೆದ. "ನಿಮ್ಮ ಬಸ್ಸು ಇನ್ನೂ ನಲವತ್ತು ನಿಮಿಷ ಬರಲ್ಲ ಅಕ್ಕಾ, ನನಗೆ ಗೊತ್ತು. ಅಲ್ಲೀವರೆಗೆ ಒಳಗೆ ಬನ್ನಿ. ಮುಂದೆ ಬನ್ನಿ, ಮುಂದೆ ಬನ್ನಿ, ಒಳಗೆ ಜಾಗ ಇದೆ!" ಅವರು ನಗುತ್ತಾ ಬಂದರು. ಹಿಡಿ ತಿರುಗಿಸುವ ಹಳೆಯ ಫೋನುಗಳೆರಡನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ರಿಪೇರಿ ಮಾಡಿಸಿ, ಒಂದನ್ನು ಮೊದಲ ಕೋಣೆಯಲ್ಲೂ ಇನ್ನೊಂದನ್ನು ಮೂರನೆಯದರಲ್ಲೂ ಇಡಿಸಿದ. ಗಂಡ ಈ ಕಡೆಯಿಂದ, ಹೆಂಡತಿ ಆ ಕಡೆಯಿಂದ ಮಾತಾಡಬೇಕು. "ಮನೇಲಿ ಹೇಳಕ್ಕಾಗದೇ ಇದ್ದದ್ದನ್ನ ಇಲ್ಲಿ ಹೇಳ್ಬಿಡಿ, ಮಧ್ಯೆ ಎರಡು ಗೋಡೆ ಇದೆ" ಎನ್ನುತ್ತಿದ್ದ. ಎರಡು ತಿಂಗಳಲ್ಲಿ ದಿನಕ್ಕೆ ನಲವತ್ತು, ಐವತ್ತು ಜನ. ಶಾಲೆಗಳಿಗೆ ಅವನು ಪತ್ರ ಬರೆಯಲಿಲ್ಲ. ಯಾವ ಮೇಷ್ಟ್ರು ಯಾವ ನಿಲ್ದಾಣದಲ್ಲಿ ಇಳಿಯುತ್ತಾರೆ ಎಂದು ಗೊತ್ತಿದ್ದ ಮನುಷ್ಯ, ಅಲ್ಲೇ ಹೋಗಿ ಹಿಡಿದು ಮಾತಾಡಿಸಿದ.

ಸಾಹೇಬರು ಡಾಕ್ಟರ ಮುಂದೆ, "ಒಳ್ಳೇ ಹುರುಪಿನ ಮನುಷ್ಯ" ಎಂದರು. ಹಾಗೆನ್ನುವಾಗ ಹಲ್ಲು ಕಚ್ಚಿ ಹಿಡಿದಂತಿತ್ತು.

ಅವರ ಹೊಟ್ಟೆಯಲ್ಲಿ ಏನೋ ಉರಿಯಲು ಶುರುವಾಗಿತ್ತು. ಸಂಜೆ ಸಂದರ್ಶಕರ ಪುಸ್ತಕ ತೆರೆದು ಓದುತ್ತಿದ್ದರು. "ಕಂಡಕ್ಟರ್ ಅಂಕಲ್ ಸೂಪರ್." "ಕಂಡಕ್ಟರ್ ಅವರ ವಿವರಣೆ ಮನಮುಟ್ಟಿತು." ಒಂದು ತಿಂಗಳಲ್ಲಿ ಅಂಥವು ಮೂವತ್ತೆರಡು. ತಮ್ಮ ಬಗ್ಗೆ ಇದ್ದದ್ದು ಒಂದೇ. "ಗಾಜು ಮುಟ್ಟಬೇಡಿ ಎಂದು ಒಬ್ಬರು ಗದರಿದರು." ಊರಿನ ಪತ್ರಿಕೆಯಲ್ಲಿ ಮ್ಯೂಸಿಯಮ್ಮಿನ ಫೋಟೋ ಬಂತು. ನಡುವೆ ಮೀಸೆ, ಸುತ್ತ ಮಕ್ಕಳು. ಅಂಚಿನಲ್ಲಿ ಒಂದು ತೋಳು.

"ರೀ, ಇದು ನಿಮ್ಮ ಮೊಣಕೈ ಅಲ್ವಾ?" ಎಂದರು ಹೆಂಡತಿ, ಕನ್ನಡಕ ಸರಿಮಾಡಿಕೊಂಡು.

"ಯಾರದೋ ಇರಬೇಕು."

"ಇಲ್ಲ, ನಿಮ್ಮದೇ. ನಾನೇ ತೇಪೆ ಹಾಕಿದ ಅಂಗಿ ಇದು."

ಅವರು ಪತ್ರಿಕೆ ಮಡಿಚಿ ಎದ್ದುಹೋದರು.

ಆದರೂ ಅಷ್ಟನ್ನು ನುಂಗಿಕೊಳ್ಳುತ್ತಿದ್ದರೇನೋ. ನುಂಗಲಾಗದ ಸಂಗತಿ ನಡೆದದ್ದು ಒಂದು ಶುಕ್ರವಾರ. ಪಕ್ಕದ ಮನೆಯ ಹೆಂಗಸರ ಜೊತೆ ಅವರ ಹೆಂಡತಿಯೇ ಮ್ಯೂಸಿಯಮ್ಮಿಗೆ ಬಂದರು. ಗಂಡನಿಗೆ ಹೇಳಿರಲಿಲ್ಲ. ಸಾಹೇಬರು ಕಚೇರಿಯ ಮೇಜಿನ ಹಿಂದೆ ಚೀಟಿಗಳಿಗೆ ಗೋಂದು ಹಚ್ಚುತ್ತಿದ್ದರು. ಮೂರನೇ ಕೋಣೆಯಿಂದ ನಗು ಕೇಳಿಸಿತು. ನೂರು ಜನ ನಕ್ಕರೂ ಆ ನಗುವನ್ನು ಅವರು ಗುರುತಿಸುತ್ತಿದ್ದರು. ಮದುವೆಯಾದ ಹೊಸದರಲ್ಲಿ ಕೇಳಿದ್ದು, ಬಾಯಿಗೆ ಸೆರಗು ಅಡ್ಡ ಹಿಡಿದರೂ ತಡೆಯಲಾಗದೆ ಹೊರಗೆ ಬರುವ ನಗು. ಅವರು ಗೋಂದಿನ ಕಡ್ಡಿ ಹಿಡಿದುಕೊಂಡೇ ಹೋಗಿ ಬಾಗಿಲ ಮರೆಯಲ್ಲಿ ನಿಂತರು.

ಕಂಡಕ್ಟರ್ ಕೈಯಲ್ಲಿ ನೀರಿನ ಬಾಟಲಿ ಇತ್ತು. ತಗಡಿನದು, ಒಂದು ಮಗ್ಗುಲು ನೆಗ್ಗಿದ್ದು. "...ಗುಂಡು ಸುಂಯ್ ಅಂತ ಬಂತು. ಎದೆಗೆ ಬೀಳ್ಬೇಕು. ಈ ಬಾಟಲಿ ಇದೆಯಲ್ಲ, ಇದು ಅಡ್ಡ ನಿಂತ್ಕೊಂಡು ಕೇಳ್ತು, ಎಲ್ಲಿಗಪ್ಪಾ ಹೋಗೋದು, ಸೀಟಿಲ್ಲ, ಇಳಿ ಕೆಳಗೆ!"

ಮತ್ತೆ ನಗು. ಹೆಂಡತಿ ಕಣ್ಣೊರೆಸಿಕೊಳ್ಳುತ್ತಿದ್ದರು. ಸಾಹೇಬರಿಗೆ ಅಲ್ಲಿ ಒಂದು ಕ್ಷಣವೂ ನಿಲ್ಲಲಾಗಲಿಲ್ಲ. ಸರಸರ ನಡೆದು ವಾಪಸ್ ಬಂದುಬಿಟ್ಟರು. ಆ ಬಾಟಲಿ ಅವರಿಗೆ ಚೆನ್ನಾಗಿ ಗೊತ್ತು. ಗುಂಡು ತಾಗಿದರೆ ತಗಡು ತೂತಾಗುತ್ತದೆ, ಹೀಗೆ ನೆಗ್ಗುವುದಿಲ್ಲ. ಸುತ್ತಿಗೆ ಸಿಗದಾಗ ಡೇರೆಯ ಗೂಟವನ್ನು ಬಾಟಲಿಯಲ್ಲೇ ಹೊಡೆಯುತ್ತಾರೆ. ಅಂಥ ನೂರಾರು ಬಾಟಲಿಗಳನ್ನು ಅವರು ಉಗ್ರಾಣದಲ್ಲಿ ವಾಪಸ್ ತೆಗೆದುಕೊಂಡಿದ್ದರು. ಸುಳ್ಳು. ಶುದ್ಧ ಸುಳ್ಳು. ಅದಕ್ಕೆ ಇವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳಲ್ಲ!

ಮನೆಯಲ್ಲಿ ಹೆಂಡತಿ ಹೇಳಲು ಬಾಯಿ ತೆರೆದರು. "ಎಷ್ಟು ಚೆನ್ನಾಗಿ ಹೇಳ್ತಾರ್ರೀ ಅವರು, ಆ ಬಾಟಲಿ..."

"ನನಗೆ ತಲೆನೋವು."

"ಕೊನೇಲಂತೂ..."

"ತಲೆನೋವು ಅಂದ್ನಲ್ಲ!"

ಮುಂದಿನ ವಾರ ಡ್ಯೂಟಿ ಪಟ್ಟಿ ಬದಲಾಯಿತು. ಕಂಡಕ್ಟರಿಗೆ ಹಿಂದಿನ ಕೋಣೆಯಲ್ಲಿ ಹಿತ್ತಾಳೆ ಗುಂಡಿ ಉಜ್ಜುವ ಕೆಲಸ. ಅವನು ಒಂದು ಹಳೇ ಬಟ್ಟೆ ತೆಗೆದುಕೊಂಡು ಹೋಗಿ ಕೂತ. ಅರ್ಧ ಗಂಟೆಯಲ್ಲಿ ಜನ ಅವನನ್ನು ಹುಡುಕಿಕೊಂಡು ಅಲ್ಲಿಗೂ ಹೋದರು. ಅವನು ಒಂದೊಂದು ಗುಂಡಿಯನ್ನು ಒಬ್ಬೊಬ್ಬರ ಕೈಗೆ ಕೊಟ್ಟು, "ಉಜ್ಜುತ್ತಾ ಕೇಳಿ" ಎಂದು ಮಾತು ಶುರು ಮಾಡಿದ. ಸಂಜೆಯೊಳಗೆ ಗುಂಡಿಗಳೂ ಹೊಳೆಯುತ್ತಿದ್ದವು, ಬಂದವರ ಮುಖಗಳೂ ಹೊಳೆಯುತ್ತಿದ್ದವು. ಸಾಹೇಬರ ಮುಖ ಮಾತ್ರ ಕಪ್ಪಿಟ್ಟಿತು.

ಸೋಮವಾರ ಮ್ಯೂಸಿಯಮ್ಮಿಗೆ ರಜೆ. ಅಂದು ಮಧ್ಯಾಹ್ನ ಅವರೊಬ್ಬರೇ ಬಾಗಿಲು ತೆಗೆದು ಕೂತು, ಎಡಗೈಯಲ್ಲಿ ಪೆನ್ನು ಹಿಡಿದು ಒಂದು ಕಾಗದ ಬರೆದರು. ಅಕ್ಷರ ಸೊಟ್ಟಸೊಟ್ಟಗೆ ಬಂತು. "ಯುದ್ಧ ನೋಡದವನು ಯುದ್ಧದ ಕಥೆ ಕಟ್ಟಿ ಜನರನ್ನು ನಗಿಸುವುದು ಸತ್ತವರಿಗೆ ಮಾಡುವ ಅವಮಾನ. ಬಾಟಲಿಯ ಕಥೆ ಸುಳ್ಳು. ಇದನ್ನು ಕೇಳಿ ನಮಗೆ ಬಹಳ ನೋವಾಗಿದೆ." ಕೆಳಗೆ ಏನು ಹಾಕುವುದೆಂದು ಸ್ವಲ್ಪ ಯೋಚಿಸಿ, "ಸೈನಿಕನೊಬ್ಬನ ಮನೆಯವರು" ಎಂದು ಬರೆದರು. ಸಲಹಾ ಪೆಟ್ಟಿಗೆಗೆ ಹಾಕಿ ಬೀಗ ಹಾಕಿದರು. ಪೆಟ್ಟಿಗೆ, ಬೀಗ, ಬೀಗದ ಕೈ ಎಲ್ಲವೂ ಅವರ ಸುಪರ್ದಿನವೇ.

ಶನಿವಾರದ ಸಭೆಯಲ್ಲಿ ಡಾಕ್ಟರು ಅದನ್ನು ಗಟ್ಟಿಯಾಗಿ ಓದಿದರು. ಟೈಲರಮ್ಮ ಸೂಜಿ ಕೆಳಗಿಟ್ಟು, "ಇದ್ಯಾರೋ ಕೊಳಕು ಮನಸ್ಸಿನವರು ಬರೆದದ್ದು. ಕಥೆ ಪೂರ್ತಿ ಕೇಳಿದವರು ಹೀಗೆ ಬರೀತಾರಾ?" ಎಂದರು.

ಕಂಡಕ್ಟರ್ ಕೈಯೆತ್ತಿ ತಡೆದ. ಅವನ ದನಿ ಅಷ್ಟು ಸಣ್ಣಗಾಗಿದ್ದನ್ನು ಯಾರೂ ಕೇಳಿರಲಿಲ್ಲ. "ಬಿಡಿ ಅಕ್ಕ. ಬೇರೆ ಯಾರಾದ್ರೂ ಬರೆದಿದ್ರೆ ನಾನೂ ನಕ್ಕುಬಿಡ್ತಿದ್ದೆ. ಮನೆಯವರು ಅಂತ ಬರೆದಿದಾರೆ. ಮಗನ್ನೋ ಅಣ್ಣನ್ನೋ ಕಳ್ಕೊಂಡೋರಿಗೆ ನೋವಾಯ್ತು ಅಂದ್ಮೇಲೆ ನಾನು ಬಾಯಿ ಬಿಡೋಕಾಗುತ್ತಾ?" ಗುರುತಿನ ಚೀಟಿಯನ್ನು ಕೊರಳಿಂದ ತೆಗೆದು ಮೇಜಿನ ಮೇಲಿಟ್ಟು, ಎಲ್ಲರಿಗೂ ಕೈ ಮುಗಿದು ಹೋದ.

ಸುಳ್ಳು ಹೇಳಬಾರದು, ಸಾಹೇಬರಿಗೆ ಮೊದಲ ವಾರ ಬಹಳ ಹಿತವಾಗಿತ್ತು. ಚೆನ್ನಾಗಿ ನಿದ್ದೆ ಬಂತು. ಗಡ್ಡ ಹೆರೆಯುವಾಗ ಸಣ್ಣಗೆ ಗುನುಗಿದ್ದನ್ನು ಕೇಳಿ ಹೆಂಡತಿ ತಿರುಗಿ ನೋಡಿದರು. ಬಂದವರಿಗೆ ತಾವೇ ವಿವರಣೆ ಕೊಟ್ಟರು. "ವಸ್ತು ಸಂಖ್ಯೆ ಅರವತ್ತೆರಡು. ನೀರಿನ ಬಾಟಲಿ. ತಗಡು. ನೆಗ್ಗು ಒಂದು." ಜನ ತಲೆಯಾಡಿಸಿ, "ಆ ಕಂಡಕ್ಟರ್ ಇವತ್ತು ಇಲ್ವಾ?" ಎನ್ನುತ್ತಿದ್ದರು. ಎರಡನೇ ವಾರ ದಿನಕ್ಕೆ ಬಂದವರು ಇಪ್ಪತ್ತು, ಮೂರನೇ ವಾರ ಆರು. ಅಕ್ಕತಂಗಿಯರು ಜಗಳವಾಡುವುದನ್ನೂ ನಿಲ್ಲಿಸಿಬಿಟ್ಟರು.

ಆಗ ಒಂದು ಬೆಳಿಗ್ಗೆ ಊರುಗೋಲು ಹಿಡಿದು ಒಬ್ಬ ಅಜ್ಜಿ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಆ ನೀರಿನ ಬಾಟಲಿ ಅವರ ಅಣ್ಣನದು.

"ಕಾಗದ ಬರೆದೋರು ಯಾರು?" ಎಂದರು ನೇರವಾಗಿ.

"ಯಾವ ಕಾಗದ ಅಮ್ಮ?"

"ಆ ಮೀಸೆಯವನು ನಮ್ಮನೆಗೆ ಬಂದಿದ್ದ. ಬಾಗಿಲಲ್ಲೇ ಕೈ ಮುಗಿದು ನಿಂತ್ಕೊಂಡು, 'ಅಮ್ಮಾ, ನನ್ನ ಮಾತಿಂದ ನಿಮಗೆ ನೋವಾಗಿದ್ರೆ ಕ್ಷಮಿಸಿ' ಅಂತಾನೆ. ಸಾಮಾನು ಕೊಟ್ಟ ಹನ್ನೊಂದು ಮನೆಗೂ ಹೋಗಿದಾನೆ. ಒಂದೊಂದು ಬಾಗಿಲಲ್ಲೂ ಇದೇ ಮಾತು. ನಾವು ಹನ್ನೊಂದು ಮನೆಯವರೂ ಮಾತಾಡ್ಕೊಂಡಿದೀವಿ. ನಮ್ಮಲ್ಲಿ ಯಾರೂ ಬರೆದಿಲ್ಲ. ಹಾಗಾದ್ರೆ ಬರೆದೋರು ಯಾರು?"

ಸಾಹೇಬರು ಮೇಜಿನ ಮೇಲಿದ್ದ ಚೀಟಿಗಳನ್ನು ಜೋಡಿಸತೊಡಗಿದರು. ಆದರೂ ಒಂದು ಪ್ರಶ್ನೆ ಕೇಳದೆ ಇರಲಾಗಲಿಲ್ಲ. "ಆದ್ರೆ ಅಮ್ಮ, ಗುಂಡಿನ ಕಥೆ ಸುಳ್ಳೇ ಅಲ್ವಾ?"

"ಸುಳ್ಳೇ. ಅಲ್ಲ ಅಂತ ಯಾರು ಹೇಳಿದ್ರು?" ಅಜ್ಜಿ ಅವರನ್ನು ವಿಚಿತ್ರವಾಗಿ ನೋಡಿದರು. "ನನಗಾಗ ಏಳು ವರ್ಷ. ರಜೆ ಮುಗಿಸಿ ಅಣ್ಣ ಹೊರಟಾಗ ಕಾಲು ಹಿಡ್ಕೊಂಡು ಅತ್ತಿದ್ದೆ. ಆಗ ನನ್ನ ನಗಿಸೋಕೆ ಅವನೇ ಕಟ್ಟಿದ ಕಥೆ ಅದು. ಬಾಟಲಿ ಇರೋವರೆಗೂ ನನಗೆ ಗುಂಡು ತಾಗಲ್ಲ ಪುಟ್ಟಿ, ಅಂದ. ನಾನು ನಕ್ಕು ಕಾಲು ಬಿಟ್ಟೆ. ಅವನು ಬರ್ಲಿಲ್ಲ, ಬಾಟಲಿ ಬಂತು. ಅದು ಗೂಟ ಹೊಡೆದು ನೆಗ್ಗಿದ್ದು ಅಂತ ಅವನ ಸ್ನೇಹಿತ ಆಮೇಲೆ ಹೇಳಿದ. ನಾನೇ ಹೇಳಿದ ಇಷ್ಟನ್ನೂ ಮೀಸೆಯವನು ಕೊನೇಲಿ ಹೇಳ್ತಾನಲ್ಲ. ನಾನು ನಾಲ್ಕು ಸಲ ಬಂದು ಕೇಳಿದೀನಿ. ದಿನಾ ಇಲ್ಲೇ ಇರೋರು ನೀವು, ಒಂದು ಸಲಾನೂ ಪೂರ್ತಿ ಕೇಳಿಲ್ವಾ?"

ಇಲ್ಲ. ಕೇಳಿರಲಿಲ್ಲ. ನಗು ಕೇಳಿಸಿದ ಕೂಡಲೇ ಅವರು ಅಲ್ಲಿಂದ ಎದ್ದು ಹೋಗುತ್ತಿದ್ದರು. ನಗು ನಿಂತ ಮೇಲೆ ಆ ಕೋಣೆಯಲ್ಲಿ ಏನಾಗುತ್ತಿತ್ತೆಂದು ಅವರಿಗೆ ಗೊತ್ತೇ ಇರಲಿಲ್ಲ.

ಮಾರನೇ ದಿನ ಊಟದ ಹೊತ್ತು ಕಳೆದ ಮೇಲೆ ಕಂಡಕ್ಟರನ ಮನೆ ಹುಡುಕಿಕೊಂಡು ಹೋದರು. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆ. ಅವನು ಅಂಗಿಗೆ ಇಸ್ತ್ರಿ ಹಾಕುತ್ತಿದ್ದ.

"ಬನ್ನಿ ಸಾಹೇಬ್ರೆ, ಬನ್ನಿ. ಕೂತ್ಕೊಳ್ಳಿ."

"ನಿಂತೇ ಹೇಳ್ತೀನಿ. ಆ ಕಾಗದ ಬರೆದೋನು ನಾನು."

ಕಂಡಕ್ಟರ್ ಇಸ್ತ್ರಿಪೆಟ್ಟಿಗೆಯನ್ನು ಅಂಗಿಯ ಮೇಲೇ ಬಿಟ್ಟು ನೋಡುತ್ತ ನಿಂತ.

"ಯಾಕೆ?"

"ಶಿಸ್ತು ಇರ್ಲಿ ಅಂತ..." ಎಂದು ಶುರು ಮಾಡಿದವರು ಅಲ್ಲಿಗೇ ನಿಲ್ಲಿಸಿದರು. "ಹೊಟ್ಟೆಕಿಚ್ಚು."

"ನನ್ನ ಮೇಲಾ? ನನ್ನ ಹತ್ರ ಏನಿದೆ ಅಂತ ನಿಮಗೆ ಹೊಟ್ಟೆಕಿಚ್ಚು?"

"ನನ್ನ ಹೆಂಡತಿ ನಕ್ಕಳು."

"ಅಷ್ಟಕ್ಕಾ?"

"ಅಷ್ಟಕ್ಕೇ."

ಸುಟ್ಟ ವಾಸನೆ ಬಂತು. ಕಂಡಕ್ಟರ್ ಬೈಯುತ್ತ ಇಸ್ತ್ರಿಪೆಟ್ಟಿಗೆ ಎತ್ತಿದ. ಅಂಗಿಯ ಬೆನ್ನ ಮೇಲೆ ಅದೇ ಆಕಾರದ ಕಂದು ಕಲೆ. ಅದನ್ನೇ ನೋಡುತ್ತ ಹೇಳಿದ. "ನನ್ನನ್ನ ಬೈದಿದ್ರೆ ಬೇಜಾರಿರ್ಲಿಲ್ಲ. ಬಸ್ಸಲ್ಲಿ ದಿನಾ ಬೈಸ್ಕೊಂಡೋನು ನಾನು. ಆದ್ರೆ ಮನೆಯವರ ಹೆಸರು ಯಾಕೆ ಹಾಕಿದ್ರಿ? ಹನ್ನೊಂದು ಮನೆ ಮೆಟ್ಟಿಲು ಹತ್ತಿದೀನಿ. ಒಂದು ಮನೇಲಿ ತಾಯಿ ಎರಡು ಗಂಟೆ ಅತ್ತರು. ನಾನು ಹೋಗದೇ ಇದ್ದಿದ್ರೆ ಅವರು ಅವತ್ತು ನೆಮ್ಮದಿಯಾಗಿ ಊಟ ಮಾಡಿರೋರು."

"ನಾನೇನು ಮಾಡ್ಲಿ ಹೇಳಿ."

"ನನ್ನನ್ನ ಕೇಳಬೇಡಿ. ಆ ಮನೆಗಳಿಗೆ ಹೋಗಿ ಹೇಳಿ, ಬರೆದೋನು ನಾನು ಅಂತ. ಆಮೇಲೆ ನೋಡೋಣ. ಈಗ ಹೋಗಿ ಸಾಹೇಬ್ರೆ, ನನಗೆ ಸಿಟ್ಟು ಬಂದಿದೆ. ಮನೆಗೆ ಬಂದೋರಿಗೆ ಬೈದು ಅಭ್ಯಾಸ ಇಲ್ಲ."

ಸಾಹೇಬರು ಹೋದರು. ಹನ್ನೊಂದು ಮನೆಗೆ ಒಂಬತ್ತು ದಿನ ಹಿಡಿಯಿತು. ಒಂದು ಕಡೆ ಮುಖದ ಮೇಲೇ ಬಾಗಿಲು ಮುಚ್ಚಿದರು. ಒಂದು ಕಡೆ ಕಿವಿ ಕೇಳದ ಮುದುಕರೊಬ್ಬರಿಗೆ ಬೀದಿಗೆಲ್ಲ ಕೇಳುವಂತೆ ಮೂರು ಸಲ ಕೂಗಿ ಹೇಳಬೇಕಾಯಿತು. ಅಜ್ಜಿ ಮಾತ್ರ ಕೇಳಿ ಮುಗಿಸಿ, "ನನಗೆ ಅವತ್ತೇ ಗೊತ್ತಾಗಿತ್ತು. ನಿಮ್ಮ ಕಿವಿ ಕೆಂಪಗಾಗಿತ್ತು" ಎಂದರು. ಮುಂದಿನ ಸಭೆಯಲ್ಲಿ ಸಾಹೇಬರೇ ಎದ್ದು ನಿಂತು ಎಲ್ಲರ ಮುಂದೆ ಒಪ್ಪಿಕೊಂಡರು. ಡಾಕ್ಟರು ಸ್ವಯಂಸೇವಕರ ಉಸ್ತುವಾರಿಯನ್ನು ಅವರಿಂದ ತೆಗೆದು ನರ್ಸಿಗೆ ಕೊಟ್ಟರು. ಸಾಮಾನಿನ ಜವಾಬ್ದಾರಿ ಮಾತ್ರ ಉಳಿಯಿತು. ಟೈಲರಮ್ಮ ಎರಡು ತಿಂಗಳು ಮಾತಾಡಿಸಲಿಲ್ಲ. ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿ, "ಮೂವತ್ತು ವರ್ಷದಲ್ಲಿ ನೀವು ನನ್ನ ನಗಿಸೋಕೆ ಒಂದು ಸಲ ಪ್ರಯತ್ನ ಮಾಡಿದ್ರೂ ಸಾಕಿತ್ತು" ಎಂದರು.

ಕಂಡಕ್ಟರ್ ತಿಂಗಳಾದ ಮೇಲೆ ವಾಪಸ್ ಬಂದ. ನರ್ಸ್ ಹೋಗಿ ಕರೆತಂದರು. ಅವನು ಹೇಳುವುದನ್ನು ಸಾಹೇಬರು ಮೊದಲ ಸಲ ಕೊನೆಯವರೆಗೂ ನಿಂತು ಕೇಳಿದರು. ನಗು ಬಂದಾಗ ಹೊಟ್ಟೆ ಮತ್ತೆ ಉರಿಯಿತು. ನಗು ನಿಂತು, ಒಬ್ಬ ಹೆಂಗಸು ಪಕ್ಕದವರ ಕೈ ಹಿಡಿದುಕೊಂಡಾಗ ಇನ್ನೂ ಜಾಸ್ತಿ ಉರಿಯಿತು. ಇದು ನನ್ನಿಂದಾಗದು ಎಂದು ಅವರಿಗೆ ಸ್ಪಷ್ಟವಾಗಿ ಗೊತ್ತಾಯಿತು. ಗೊತ್ತಾದ ಮಾತ್ರಕ್ಕೆ ಉರಿ ಏನೂ ಕಡಿಮೆಯಾಗಲಿಲ್ಲ.

ಒಂದು ಮಧ್ಯಾಹ್ನ ಇಬ್ಬರೂ ಹಿಂದಿನ ಕೋಣೆಯಲ್ಲಿ ಕಂಬಳಿ ಮಡಿಚುತ್ತಿದ್ದರು. "ಉಗ್ರಾಣದಲ್ಲಿ ನೀವು ಏನು ಮಾಡ್ತಿದ್ರಿ ಸಾಹೇಬ್ರೆ? ಒಂದು ದಿನಾನೂ ಹೇಳಿಲ್ಲ" ಎಂದು ಕಂಡಕ್ಟರ್ ಕೇಳಿದ. ಸಾಹೇಬರು ಹೇಳಿದರು. ಸತ್ತವರ ಕಿಟ್, ಎಂದರೆ ಬಟ್ಟೆಬರೆಯ ಗಂಟು, ವಾಪಸ್ ಬಂದಾಗ ಮನೆಗೆ ಕಳಿಸಬೇಕಾದದ್ದನ್ನು ಬೇರೆ ಮಾಡುವುದು ಅವರ ಕೆಲಸವಾಗಿತ್ತು. ಕಂಡಕ್ಟರ್ ಕಂಬಳಿಯ ತುದಿ ಹಿಡಿದುಕೊಂಡೇ ನಿಂತುಬಿಟ್ಟ. "ಇದನ್ನ ಜನರಿಗೆ ಹೇಳಿ" ಎಂದ.

ಆ ಭಾನುವಾರ ಹೇಳಿದರು. ಚೆನ್ನಾಗಿ ಹೇಳಲಿಲ್ಲ. ತಿಂಗಳು, ತಾರೀಖು, ನಮೂನೆ ಸಂಖ್ಯೆ ಎಲ್ಲ ಮಧ್ಯೆ ಬಂದವು. ಅರ್ಧ ಜನ ಮೆಲ್ಲಗೆ ಹಳೆಯ ಫೋನುಗಳ ಕಡೆ ಸರಿದರು. ಕೊನೆಗೆ ಉಳಿದ ಏಳೆಂಟು ಜನರಲ್ಲಿ ಒಬ್ಬ ಹೆಂಗಸು, "ಏನಾದ್ರೂ ಕಮ್ಮಿ ಇದ್ರೆ ಏನು ಮಾಡ್ತಿದ್ರಿ?" ಎಂದು ಕೇಳಿದಳು.

ಸಾಹೇಬರು ತಡವರಿಸಿದರು. "ಸಾಕ್ಸು ಕೆಲವು ಸಲ ಒಂದೇ ಬರ್ತಿತ್ತು. ಗಂಟು ಬಿಚ್ಚಿದಾಗ ತಾಯಿಗೆ ಒಂಟಿ ಸಾಕ್ಸು ಕಾಣಬಾರದು ಅಂತ... ನಾನೇ ಉಗ್ರಾಣದಿಂದ ಒಂದು ತೆಗೆದು ಸೇರಿಸ್ತಿದ್ದೆ. ಪಟ್ಟೀಲಿ ಬರೀತಿರ್ಲಿಲ್ಲ."

ಆ ಹೆಂಗಸು ಬಹಳ ಹೊತ್ತು ಅವರ ಕೈಗಳನ್ನೇ ನೋಡಿದಳು.

ಜನ ಹೋದ ಮೇಲೆ ಕಂಡಕ್ಟರ್ ಬಂದು ಪಕ್ಕದಲ್ಲಿ ನಿಂತ. ಮೀಸೆ ತೀಡುತ್ತ, "ಸಾಹೇಬ್ರೆ, ಆ ಸಾಕ್ಸಿನ ವಿಷಯ ಇದೆಯಲ್ಲ, ಅದನ್ನ ನಾನು ಸ್ವಲ್ಪ ಬೇರೆ ಥರ ಹೇಳಿದ್ರೆ..." ಎಂದು ಶುರು ಮಾಡಿದ.

"ಮುಟ್ಟಬೇಡಿ," ಎಂದರು ಪಟ್ಟಿ ಸಾಹೇಬರು. "ಅದು ನಂದು."